ಮೆಟ್ರೊ ಪಿಲ್ಲರ್ ನೋಡೋಕೆ ಮಳೆಯ ಮಾರನೇ ದಿನ ಹೋಗಿ

ತಪಾಸಣೆ ಕೆಲಸಕ್ಕೆ ಹೊಸದಾಗಿ ಸೇರಿದವರು ಬಂದ ಕೂಡಲೇ ಮೆಷಿನ್ ಬಗ್ಗೆ ಕೇಳುತ್ತಾರೆ. ಮೆಷಿನ್ ಆಮೇಲೆ. ಮೊದಲು ನೀರು ಎಲ್ಲಿ ಇಳಿದಿದೆ ಅಂತ ನೋಡಿ. ಬೈಯಪ್ಪನಹಳ್ಳಿ-ಎಂ.ಜಿ. ರೋಡ್ ಮಾರ್ಗ ಶುರುವಾಗಿದ್ದು 2011ರ ಅಕ್ಟೋಬರ್‌ನಲ್ಲಿ. ನಮ್ಮ ಮೆಟ್ರೊದಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಕಾಂಕ್ರೀಟ್‌ಗೆ ಇದೇನೂ ಮುಪ್ಪಿನ ವಯಸ್ಸಲ್ಲ. ಆದರೂ ಇಷ್ಟು ಮಳೆಗಾಲ ಕಂಡಿದೆ, ಅಲ್ವಾ?

ಸಂಜೆ ಜೋರು ಮಳೆ ಬಂದರೆ, ಮರುದಿನ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಫುಟ್‌ಪಾತ್‌ನಲ್ಲೇ ನಡೆಯಿರಿ. ಒಣಗಿದ ಪಿಲ್ಲರ್ ಏನೂ ಹೇಳುವುದಿಲ್ಲ, ಒದ್ದೆ ಪಿಲ್ಲರ್ ಎಲ್ಲ ಹೇಳುತ್ತದೆ. ಮೇಲಿನ ನೀರಿನ ಪೈಪ್ ಕಟ್ಟಿಕೊಂಡಿದ್ದರೆ ನೀರು ಪಿಲ್ಲರ್ ಮೇಲಿನ ಕಾಂಕ್ರೀಟ್ ತೊಲೆಗಳ, ಅಂದ್ರೆ ಗರ್ಡರ್‌ಗಳ ಸಂದಿ ಹುಡುಕಿಕೊಂಡು ಇಳಿಯುತ್ತದೆ. ಬಿಳಿ ಗೆರೆ ಕಂಡರೆ ನೀರು ಕಾಂಕ್ರೀಟ್ ಒಳಗಿಂದ ಸುಣ್ಣ ಎಳೆದುಕೊಂಡು ಬಂದಿದೆ ಅಂತ. ಕೆಂಪು-ಕಂದು ಕಲೆ ಕಂಡರೆ ಒಳಗಿನ ಕಂಬಿಗೆ ತುಕ್ಕು ಹಿಡಿದಿರಬಹುದು, ಅದನ್ನು ಮೊದಲು ಬರೆದುಕೊಳ್ಳಿ. ಪಿಲ್ಲರ್ ತಲೆಯ ಮೇಲೆ ಅರಳಿ ಗಿಡ ಇದ್ದರೆ ಅಲ್ಲಿ ಮಣ್ಣೂ ನೀರೂ ನಿಲ್ಲುತ್ತಿವೆ. ಸುಮ್ನೆ ಚಿಗುರು ಕತ್ತರಿಸಿದರೆ ಸಾಲದು, ಬೇರು ತೆಗೆಸಬೇಕು.

ಫೋಟೊ ತೆಗೆಯುವಾಗ ಪಿಲ್ಲರ್ ನಂಬರ್ ಕಾಣಲಿ. 'ಎಡಗಡೆ' ಅಂತ ಬರೆಯಬೇಡಿ, 'ಹಲಸೂರು ಕಡೆಯ ಮುಖ' ಅಂತ ಬರೆಯಿರಿ. ಆಟೋದವರು ನಿಲ್ಲಿಸಿ "ಏನ್ ಸಾರ್, ಬೀಳುತ್ತಾ?" ಅಂತ ಕೇಳಿಯೇ ಕೇಳುತ್ತಾರೆ. ನಕ್ಕು ಮುಂದೆ ಹೋಗಿ.

ಹತ್ತಿರ ಹೋಗಿ ನೋಡುವ ಕೆಲಸ ರಾತ್ರಿ, ಕೊನೆಯ ರೈಲು ಹೋದ ಮೇಲೆ. ಹಳಿ ಪಕ್ಕದಲ್ಲಿ ರೈಲಿಗೆ ಕರೆಂಟ್ ಕೊಡುವ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿ.ಸಿ. ಇರುತ್ತದೆ. ಕರೆಂಟ್ ತೆಗೆದಿದ್ದೇವೆ ಅನ್ನೋ ಚೀಟಿ ಕೈಗೆ ಬರೋವರೆಗೂ ಮೇಲೆ ಕಾಲಿಡಬೇಡಿ. ಕೆಳಗೆ ಲಿಫ್ಟ್ ಗಾಡಿ ನಿಲ್ಲಿಸೋಕೆ ಟ್ರಾಫಿಕ್ ಪೊಲೀಸರ ಅನುಮತಿ ಬೇಕು.

ಲಿಫ್ಟ್‌ನಲ್ಲಿ ನಿಂತು ಚಿಕ್ಕ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಾಂಕ್ರೀಟ್ ಠಣ್ ಅನ್ನುತ್ತದೆ. ಪದರ ಬಿಟ್ಟಿದ್ದರೆ ದಬ್ ಅಂತ ಸದ್ದು ಸತ್ತುಹೋಗುತ್ತದೆ. ಅಂಥ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಬಿರುಕಿನ ಅಗಲವನ್ನು ಗೇಜ್ ಕಾರ್ಡ್ (ಬೇರೆ ಬೇರೆ ದಪ್ಪದ ಗೆರೆ ಅಚ್ಚಾದ ಕಾರ್ಡ್) ಇಟ್ಟು ಅಳೆಯಿರಿ. ಆದರೆ 0.2 ಮಿ.ಮೀ. ಇದೆಯೋ 0.3 ಇದೆಯೋ ಅನ್ನುವುದಕ್ಕಿಂತ ಅದು ಬೆಳೆಯುತ್ತಿದೆಯಾ ಅನ್ನುವುದು ನನಗೆ ಮುಖ್ಯ. ಬಿರುಕು ಮುಗಿಯುವ ಜಾಗದಲ್ಲಿ ಪೇಂಟ್‌ನಲ್ಲಿ ಗೆರೆ ಎಳೆದು ತಾರೀಖು ಹಾಕಿ.

ಜಾಸ್ತಿ ಜನ ಬೇರಿಂಗ್, ಅಂದ್ರೆ ಪಿಲ್ಲರ್ ತಲೆಗೂ ಗರ್ಡರ್ಗೂ ನಡುವಿನ ರಬ್ಬರ್ ದಿಂಬು, ನೋಡದೆ ಬರುತ್ತಾರೆ, ಯಾಕಂದ್ರೆ ಸಂದಿ ಕಿರಿದು, ಧೂಳು, ಪಾರಿವಾಳದ ಹಿಕ್ಕೆ. ಟಾರ್ಚ್ ಹಾಕಿ, ಬಗ್ಗಿ ನೋಡಿ. ರಬ್ಬರ್ ಉಬ್ಬಿದೆಯಾ, ಸೀಳಿದೆಯಾ, ಜಾಗ ಬಿಟ್ಟು ಸರಿದಿದೆಯಾ?

ಅನುಮಾನ ಬಂದ ಕಡೆ ಮಾತ್ರ ಅಲ್ಟ್ರಾಸಾನಿಕ್ ಮೆಷಿನ್ ತನ್ನಿ. ಅದು ಕಾಂಕ್ರೀಟ್ ಒಳಗೆ ಶಬ್ದದ ಅಲೆ ಕಳಿಸುತ್ತದೆ. ಅಲೆಯ ವೇಗ ಜಾಸ್ತಿ ಇದ್ದರೆ ಒಳ್ಳೆಯದು, ಕಡಿಮೆ ಬಂದರೆ ಒಳಗೆ ತೊಂದರೆ ಇರಬಹುದು. 2018ರ ಡಿಸೆಂಬರ್‌ನಲ್ಲಿ ಟ್ರಿನಿಟಿ ಸ್ಟೇಷನ್ ಹತ್ತಿರ ಕಾಂಕ್ರೀಟ್‌ನಲ್ಲಿ ಪೊಳ್ಳು ಸಿಕ್ಕಿತ್ತು. ರಿಪೇರಿಗೆ ಎಂ.ಜಿ. ರೋಡ್-ಇಂದಿರಾನಗರ ನಡುವೆ ರೈಲನ್ನೇ ನಿಲ್ಲಿಸಬೇಕಾಯಿತು.

ವರದಿಯಲ್ಲಿ 'ಚೆನ್ನಾಗಿದೆ' ಅಂತ ಮಾತ್ರ ಬರೆದು ಕೈತೊಳೆದುಕೊಳ್ಳಬೇಡಿ. ಮರದ ಕೊಂಬೆ ಅಡ್ಡ ಬಂದು ಯಾವ ಮುಖ ಕಾಣಲಿಲ್ಲವೋ ಅದನ್ನೂ ಬರೆಯಿರಿ. ಮುಂದಿನ ಸಲ ಹೋಗುವವರು ಅಲ್ಲಿಂದಲೇ ಶುರು ಮಾಡಲಿ.