ಮಣ್ಣಿನ ಹದ ನೋಡಿ ಗಿಡ ನೆಟ್ಟೆವು

ರೈತರ ಜೊತೆ ಸೇರಿ ಸವೆದುಹೋದ ಭೂಮಿಯಲ್ಲಿ ಗಿಡ ಬೆಳೆಸುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು, ‘ಯಾವತ್ತು ನೆಡೋಣ?’ ಅಂತ. ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು, ಮಳೆ ಹಿಡಿದ ಮೇಲೆ ಅಂದರೆ ಸಾಕಿತ್ತು. ಈಗ ಮಳೆ ಜೋರಾಗಿ ಶುರುವಾಗಿ, ಎರಡೇ ದಿನಕ್ಕೆ ನಿಂತು, ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಆಮೇಲೆ ಒಂದೇ ರಾತ್ರಿ ಸುರಿದು ಮೇಲ್ಮಣ್ಣನ್ನೇ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ನಾವು ಮೊದಲೇ ದಿನ ಗೊತ್ತುಮಾಡುವುದನ್ನೇ ಬಿಟ್ಟಿದ್ದೇವೆ. ಯಾವತ್ತು ಹದ ಬಂದರೂ ನೆಡುವುದಕ್ಕೆ ತಯಾರಿರಬೇಕು.

ತಯಾರಿ ಬೇಸಿಗೆಯಲ್ಲೇ ನಡೆಯುತ್ತದೆ. ಗುಂಡಿ ತೆಗೆಯುವಾಗ ಮೇಲ್ಮಣ್ಣು ಒಂದು ಕಡೆ, ಕೆಳಗಿನ ಮಣ್ಣು ಇನ್ನೊಂದು ಕಡೆ ಹಾಕುತ್ತೇವೆ. ಮುಚ್ಚುವಾಗ ಸತ್ವ ಇರುವ ಮೇಲ್ಮಣ್ಣು ಗೊಬ್ಬರದ ಜೊತೆ ಬೇರಿನ ಹತ್ತಿರ ಹೋಗಬೇಕು. ಕೆಳಗಿನ ಮಣ್ಣಿನಿಂದ ಇಳಿಜಾರಿನ ತಗ್ಗಿನ ಕಡೆಗೆ ಅರ್ಧಚಂದ್ರದ ಆಕಾರದ ಒಡ್ಡು ಕಟ್ಟುತ್ತೇವೆ. ಅದರ ಬಾಯಿ ಮೇಲ್ಗಡೆಗೆ ತೆರೆದಿರುತ್ತದೆ. ಹರಿದು ಬರುವ ನೀರು ಅಲ್ಲಿ ನಿಂತು ಇಂಗುತ್ತದೆ. ಗುಂಡಿಗಳನ್ನು ಒಂದರ ಕೆಳಗೆ ಒಂದು ನೇರವಾಗಿ ತೆಗೆಯಬಾರದು. ಮೇಲಿನ ಎರಡು ಗುಂಡಿಗಳ ನಡುವೆ ತಪ್ಪಿಸಿಕೊಂಡ ನೀರು ಕೆಳಗಿನ ಗುಂಡಿಗೆ ಸಿಗುವಂತೆ ಇರಬೇಕು. ಸಸಿ ತರುವ ಮೊದಲೇ ಒಂದು ಜೋರು ಮಳೆ ಬಂದರೆ ಒಳ್ಳೆಯದೇ. ಎಲ್ಲಿ ಒಡ್ಡು ಒಡೆಯುತ್ತದೆ, ಎಲ್ಲಿ ನೀರು ನಿಂತು ಕೊಳೆಯುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ.

ಬುರ್ಕಿನಾ ಫಾಸೋ ದೇಶದ ರೈತ ಯಾಕುಬಾ ಸವಾಡೋಗೊ ಅವರ ಕೆಲಸವನ್ನು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ. 1980ರ ದಶಕದ ಬರದಲ್ಲಿ ಅವರು ಗಟ್ಟಿಯಾಗಿ ಹೆಪ್ಪುಗಟ್ಟಿದ ನೆಲದಲ್ಲಿ ‘ಝಾಯ್’ ಅನ್ನುವ ಹಳೆಯ ಪದ್ಧತಿಯ ಗುಂಡಿಗಳನ್ನು ಇನ್ನಷ್ಟು ದೊಡ್ಡದಾಗಿ ತೆಗೆದರು. ಒಳಗೆ ಗೊಬ್ಬರ ಹಾಕಿದರು. ಗೊಬ್ಬರಕ್ಕೆ ಗೆದ್ದಲು ಬಂತು. ಗೆದ್ದಲು ಕೊರೆದ ಸಂದುಗಳಲ್ಲಿ ನೀರು ಆಳಕ್ಕೆ ಇಳಿಯಿತು. ಬೆಳೆಯ ಜೊತೆಗೆ ಮರಗಳೂ ಎದ್ದು, ಬರಡು ನೆಲ ಕಾಡಾಯಿತು. ಇದನ್ನು ಹೇಳಿದಾಗ ರೈತರು ಬೇಗ ಒಪ್ಪುತ್ತಾರೆ, ಯಾಕಂದ್ರೆ ಇದರಲ್ಲಿ ಗುದ್ದಲಿ, ಗೊಬ್ಬರ, ಬೆವರು ಬಿಟ್ಟರೆ ಹೊರಗಿನಿಂದ ತರುವಂಥದ್ದು ಏನೂ ಇಲ್ಲ.

ಸಸಿಯ ವಿಷಯಕ್ಕೆ ಬಂದರೆ, ಎತ್ತರ ನೋಡಿ ಯಾರೂ ಮೋಸ ಹೋಗಬಾರದು. ನಾನು ನೋಡುವುದು ಬುಡದ ದಪ್ಪ. ನೆರಳಲ್ಲಿ ದಿನಾ ನೀರು ಕುಡಿದು ಉದ್ದವಾದ ಸಸಿ ಬಿಸಿಲಿಗೆ ಬಂದ ಕೂಡಲೇ ತಲೆ ಬಾಗಿಸುತ್ತದೆ. ಅದಕ್ಕೇ ನರ್ಸರಿಯಲ್ಲಿ ಕೊನೆಯ ಕೆಲವು ವಾರ ನೆರಳು ತೆಗೆದು, ನೀರು ನಿಧಾನಕ್ಕೆ ಕಡಿಮೆ ಮಾಡುತ್ತೇವೆ. ಬೇರು ನೆಲಕ್ಕೆ ಇಳಿಯದ ಹಾಗೆ ಚೀಲಗಳನ್ನು ಆಗಾಗ ಜಾಗ ಬದಲಿಸುತ್ತೇವೆ. ನೆಡುವಾಗ ಚೀಲವನ್ನು ಪೂರ್ತಿ ಬಿಚ್ಚಬೇಕು. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಅದನ್ನು ಕತ್ತರಿಸಿಯೇ ನೆಡಬೇಕು. ಸುಮ್ನೆ ಹಾಗೇ ಇಟ್ಟರೆ ಬೇರು ಅಲ್ಲೇ ಸುತ್ತುತ್ತಾ ಇರುತ್ತದೆ, ಕೆಲವು ವರ್ಷದ ಮೇಲೆ ಗಾಳಿಗೆ ಮರ ಬೀಳುತ್ತದೆ.

ನೆಡುವ ದಿನವನ್ನು ನಿರ್ಧರಿಸುವುದು ಮಣ್ಣು. ಗುಂಡಿಯ ಪಕ್ಕ ಹಾರೆಯಿಂದ ಮೊಳದಷ್ಟು ಆಳ ಅಗೆದು, ತಳದ ಮಣ್ಣನ್ನು ಅಂಗೈಯಲ್ಲಿ ಹಿಡಿದು ಬಿಗಿಯಾಗಿ ಹಿಸುಕುತ್ತೇವೆ. ಉಂಡೆ ಕಟ್ಟಿ, ಕೈ ಬಿಚ್ಚಿದಾಗ ಹಾಗೇ ನಿಂತರೆ ಹದ ಬಂದಿದೆ ಎಂದರ್ಥ. ಪುಡಿಯಾಗಿ ಉದುರಿದರೆ ಮೇಲೆ ಎಷ್ಟೇ ಹಸಿ ಕಂಡರೂ ನೆಡುವುದಿಲ್ಲ. ಮರಳು ಮಣ್ಣು ಸರಿಯಾಗಿ ಉಂಡೆ ಕಟ್ಟುವುದಿಲ್ಲ, ಅಲ್ಲಿ ತಂಪು ಮುಟ್ಟಿ ನೋಡಬೇಕು. ಈ ಪರೀಕ್ಷೆಯನ್ನು ನಾನು ಮಾಡುವುದಕ್ಕಿಂತ ಹೊಲದವರೇ ಮಾಡಿದರೆ ಚೆನ್ನ. ಒಂದು ಸಲ ಸಸಿಗಳೆಲ್ಲ ಬದುವಿನ ಮೇಲೆ ಬಂದಿಳಿದಿದ್ದವು, ಜನವೂ ಸೇರಿದ್ದರು. ಹಿರಿಯ ರೈತಮಹಿಳೆಯೊಬ್ಬರು ಮಣ್ಣು ಹಿಸುಕಿ ನೋಡಿ, “ಇವತ್ತು ಬೇಡಪ್ಪ, ಕೆಳಗೆ ಇನ್ನೂ ಒಣಗೇ ಇದೆ” ಅಂದರು. ಸಸಿಗಳನ್ನು ನೆರಳಿಗೆ ಸಾಗಿಸಿ ಎಲ್ಲರೂ ಮನೆಗೆ ಹೋದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮುಂದಿನ ಮಳೆ ಕೆಳಗಿನವರೆಗೂ ಇಳಿಯಿತು, ಆಗ ನೆಟ್ಟೆವು.

ಇನ್ನು ನೆಡದೆಯೇ ಬರುವ ಮರಗಳ ಬಗ್ಗೆ ಹೇಳಲೇಬೇಕು. ಬರಡು ಅಂದುಕೊಂಡ ಹೊಲದಲ್ಲಿ ಹುಡುಕಿದರೆ ಹಳೆಯ ಮರಗಳ ಮೋಟುಗಳು ಸಿಗುತ್ತವೆ. ಉಳುಮೆಗೆ ಅಡ್ಡ ಅಂತ ವರ್ಷ ವರ್ಷವೂ ಅದರ ಚಿಗುರು ಕಡಿಯುತ್ತಾರೆ. ಆದರೆ ಆ ಮೋಟಿಗೆ ಆಳದ ಬೇರು ಮೊದಲೇ ಇದೆ, ಅಲ್ವಾ? ಹೊಸ ಸಸಿ ಹುಡುಕುವ ನೀರು ಅದಕ್ಕೆ ಆಗಲೇ ಸಿಕ್ಕಿರುತ್ತದೆ. ಗಟ್ಟಿಯಾದ ನಾಲ್ಕೈದು ಚಿಗುರು ಬಿಟ್ಟು ಉಳಿದದ್ದು ಸವರಿದರೆ ಮಳೆ ಕೈಕೊಟ್ಟ ವರ್ಷವೂ ಅದು ಬೆಳೆಯುತ್ತದೆ. ಸವರಿದ್ದು ಸೌದೆಗೆ, ಮೇವಿಗೆ ಆಗುತ್ತದೆ. ನೈಜರ್ ದೇಶದ ಮರಾಡಿಯಲ್ಲಿ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಟೋನಿ ರಿನಾಡೊ ರೈತರ ಜೊತೆ ಮಾಡಿದ್ದು ಇದನ್ನೇ. ಮುಂದಿನ ಎರಡು ದಶಕಗಳಲ್ಲಿ ಅದು ಸುಮಾರು 50 ಲಕ್ಷ ಹೆಕ್ಟೇರಿಗೆ ಹಬ್ಬಿತು. 2018ರಲ್ಲಿ ಅವರಿಗೂ ಸವಾಡೋಗೊ ಅವರಿಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನೈಜರಿನಲ್ಲಿ ಹಿಂದೆ ಹೊಲದ ಮರವೂ ಸರ್ಕಾರದ್ದು ಅನ್ನುವ ಕಾನೂನಿತ್ತು. ಬೆಳೆಸಿದವನಿಗೆ ಸಿಗದ ಮರವನ್ನು ಯಾರು ತಾನೇ ಕಾಯುತ್ತಾರೆ? ಆ ಬಿಗಿ ಸಡಿಲವಾದ ಮೇಲೆ ರೈತರು ಧೈರ್ಯವಾಗಿ ಚಿಗುರು ಉಳಿಸಿದರು.

ಅದಕ್ಕೇ ನಾನು ಕೆಲಸ ಶುರುಮಾಡುವ ಮೊದಲು ಈ ಮಾತನ್ನು ಇತ್ಯರ್ಥ ಮಾಡುತ್ತೇನೆ. ಸ್ವಂತ ಹೊಲದ ಮರ ಹೊಲದವರದ್ದು. ಎಲ್ಲರಿಗೂ ಸೇರಿದ ಜಾಗದಲ್ಲಾದರೆ ಹಣ್ಣು ಯಾರಿಗೆ, ಸೌದೆ ಯಾರಿಗೆ, ದನ ಯಾವ ಕಡೆ ಮೇಯಬೇಕು, ಇದೆಲ್ಲ ಬಾಯಿಬಿಟ್ಟು ಮಾತಾಡಿ ಬರೆದಿಡುತ್ತೇವೆ. ಕುರಿ, ದನ ಮೇಯಿಸುವವರನ್ನು ಬಿಟ್ಟು ಈ ಸಭೆ ಮಾಡಲೇಬಾರದು. ಅವರು ಒಪ್ಪಿದರೆ ಮುಳ್ಳುಬೇಲಿಗಿಂತ ಗಟ್ಟಿ ಕಾವಲು ಸಿಕ್ಕಿದಂತೆ. ಯಾವ ಗಿಡ ಅನ್ನುವುದನ್ನೂ ರೈತರೇ ಹೇಳಬೇಕು. ‘ನೆರಳಿಗೆ ಬೆಳೆ ಏಳೋದಿಲ್ಲ’ ಅನ್ನುವವರ ಆತಂಕ ಸುಳ್ಳಲ್ಲ. ಅಂಥವರ ಹೊಲದಲ್ಲಿ ಬದುವಿನ ಮೇಲೆ ಮಾತ್ರ ನೆಟ್ಟು, ಕೆಳಗಿನ ಕೊಂಬೆಗಳನ್ನು ವರ್ಷವೂ ಸವರುತ್ತೇವೆ.

ನೆಟ್ಟ ಮೇಲೆ ಬುಡಕ್ಕೆ ತರಗೆಲೆ, ಒಣಹುಲ್ಲು ಹೊದಿಸುತ್ತೇವೆ. ಗೆದ್ದಲು ಜಾಸ್ತಿ ಇರುವ ಕಡೆ ಕಾಂಡಕ್ಕೆ ತಾಗದ ಹಾಗೆ ಕಲ್ಲು ಜೋಡಿಸುತ್ತೇವೆ. ಸುತ್ತಲಿನ ಕಳೆ ತೆಗೆಯಲೇಬೇಕು, ಯಾಕಂದ್ರೆ ಸಸಿಯ ನೀರಿಗೆ ಮೊದಲು ಬಾಯಿ ಹಾಕುವುದು ಹುಲ್ಲು. ಎಲ್ಲ ಒಂದೇ ಜಾತಿಯ ಗಿಡ ಹಾಕುವುದಿಲ್ಲ. ಬರಕ್ಕೆ ಸೋಲುವುದು ಒಂದಾದರೆ ನೀರು ನಿಂತರೆ ಸೋಲುವುದು ಇನ್ನೊಂದು. ಯಾವ ವರ್ಷ ಏನು ಬರುತ್ತದೋ ಹೇಳಲಾಗದು. ಎಷ್ಟು ಗಿಡ ನೆಟ್ಟಿರಿ ಅಂತ ಕೇಳಿದವರಿಗೆ ನಾನು ಎರಡನೇ ಬೇಸಿಗೆ ದಾಟಿದ ಮೇಲೆ ಉಳಿದ ಲೆಕ್ಕ ಕೊಡುತ್ತೇನೆ. ಹೊಲದವರ ಜೊತೆ ಸಾಲು ಹಿಡಿದು ನಡೆದು, ಒಣಗಿದ ಜಾಗದಲ್ಲಿ ಕೋಲು ಊರಿ, ಯಾವ ಜಾತಿ ಎಲ್ಲಿ ಸೋತಿತು ಅಂತ ಬರೆದುಕೊಳ್ಳುತ್ತೇವೆ. ಮುಂದಿನ ಸಲ ನರ್ಸರಿಯಲ್ಲಿ ಯಾವ ಬೀಜ ಹಾಕಬೇಕು ಅನ್ನುವುದು ಆ ಪಟ್ಟಿಯಿಂದಲೇ ತೀರ್ಮಾನವಾಗುತ್ತದೆ.