ಬಯರ್‌ಗೆ ಬರೆಯುವ ಇಂಗ್ಲಿಷ್: ‘ಅಪ್’, ‘ಆಫ್’, ‘ಔಟ್’ಗಳ ಸಹವಾಸ

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಮರ್ಚಂಡೈಸರ್. ಇಂಗ್ಲೆಂಡ್ ಮತ್ತು ಅಮೆರಿಕದ ಬಯರ್‌ಗಳಿಗೆ, ಅಂದರೆ ನಮ್ಮಿಂದ ಉಡುಪು ಕೊಳ್ಳುವವರಿಗೆ, ಮೇಲ್ ಬರೆಯುವುದು, ಅವರು ಬರೆದದ್ದನ್ನು ಕಟಿಂಗ್ ಮಾಸ್ಟರ್‌ಗೆ ಅರ್ಥಮಾಡಿಸುವುದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ವ್ಯಾಕರಣ ಚೆನ್ನಾಗಿಯೇ ಬರುತ್ತದೆ. ಅವರು ಎಡವುವುದು ‘ಟೇಕ್’, ‘ಲೆಟ್’, ‘ಪುಟ್’ನಂಥ ಪುಟ್ಟ ಕ್ರಿಯಾಪದಗಳ ಬೆನ್ನಿಗೆ ‘ಇನ್’, ‘ಔಟ್’, ‘ಅಪ್’, ‘ಆಫ್’ ಬಂದು ಕೂತಾಗ. ಫ್ರೇಸಲ್ ವರ್ಬ್ ಎಂದರೆ ಇದೇ. 1755ರಲ್ಲಿ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷಿಕರನ್ನು ಅತಿಯಾಗಿ ಕಾಡುವುದು ಈ ಜೋಡಣೆಯೇ ಎಂದು ಅದರ ಮುನ್ನುಡಿಯಲ್ಲಿ ಬರೆದಿದ್ದಾರೆ. ಆದ್ದರಿಂದ ಎಡವಿದವರು ನಾಚಿಕೊಳ್ಳಬೇಕಾಗಿಲ್ಲ.

ಮೊದಲು, ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುವ ‘ನೂರು ಫ್ರೇಸಲ್ ವರ್ಬ್‌ಗಳು’ ಬಗೆಯ ಪಟ್ಟಿಗಳನ್ನು ಅಳಿಸಿಹಾಕಿ. ‘ಲೆಟ್ ಡೌನ್’ ಎಂದರೆ ನಿರಾಸೆಗೊಳಿಸು ಎಂದು ಅವುಗಳಲ್ಲಿ ಇರುತ್ತದೆ. ಫಿಟ್ ಸ್ಯಾಂಪಲ್ (ಅಳತೆ ಸರಿಯಿದೆಯೇ ಎಂದು ನೋಡಲು ಹೊಲಿದ ಮಾದರಿ ಉಡುಪು) ನೋಡಿದ ಬಯರ್ ‘ಲೆಟ್ ದ ಹೆಮ್ ಡೌನ್’ ಎಂದು ಬರೆದರೆ ಅಲ್ಲಿ ಯಾರಿಗೂ ನಿರಾಸೆಯಾಗಿಲ್ಲ; ಅಂಚಿನ ಮಡಿಕೆ ಬಿಚ್ಚಿ ಉದ್ದ ಹೆಚ್ಚಿಸಿ ಎಂದಷ್ಟೇ ಹೇಳುತ್ತಿದ್ದಾರೆ. ಅದೇ ಅಂಚಿಗೆ ‘ಟೇಕ್ ಅಪ್’ ಎಂದರೆ ಉದ್ದ ಕಡಿಮೆ ಮಾಡಿ. ಸೊಂಟದ ಜೊತೆ ‘ಟೇಕ್ ಇನ್’ ಬಂದರೆ ಹೊಲಿಗೆ ಒಳಕ್ಕೆ ಹಿಡಿದು ಬಿಗಿ ಮಾಡಿ, ‘ಲೆಟ್ ಔಟ್’ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿ. ಇದೇ ‘ಟೇಕ್ ಇನ್’ ಮನುಷ್ಯರ ವಿಷಯದಲ್ಲಿ ಬಂದರೆ ಮೋಸಗೊಳಿಸು ಎಂದೂ ಆಗಬಹುದು, ಆಶ್ರಯ ಕೊಡು ಎಂದೂ ಆಗಬಹುದು. ಯಾವುದರ ಮೇಲೆ ಕ್ರಿಯೆ ನಡೆಯುತ್ತದೆಯೋ ಆ ನಾಮಪದವೇ ಅರ್ಥವನ್ನು ತೀರ್ಮಾನಿಸುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ಬರೀ ‘ಟೇಕ್ ಇನ್’ ಎಂದು ಬರೆಯಬೇಡಿ. ‘ಟೇಕ್ ಇನ್ ದ ವೇಸ್ಟ್’ ಎಂದು ಸೊಂಟದ ಸಮೇತ ಬರೆಯಿರಿ.

ಕನ್ನಡಿಗರಿಗೆ ಇದು ತೀರ ಅಪರಿಚಿತ ಸಂಗತಿಯೇನಲ್ಲ. ‘ಕೆಲಸ ಮುಗಿಸಿಬಿಟ್ಟೆ’ ಎನ್ನುವಾಗ ನಾವು ಏನನ್ನೂ ಬಿಟ್ಟಿರುವುದಿಲ್ಲ. ‘ತಿಂದುಹಾಕಿದ’ ಎನ್ನುವಾಗ ಯಾರೂ ಏನನ್ನೂ ಎಲ್ಲಿಗೂ ಹಾಕಿರುವುದಿಲ್ಲ. ‘ಬಿಡು’, ‘ಹಾಕು’ಗಳು ಅಲ್ಲಿ ಕ್ರಿಯೆ ಪೂರ್ತಿಯಾಯಿತೆಂದು ಸೂಚಿಸುತ್ತವೆ. ಇಂಗ್ಲಿಷಿನ ‘ಅಪ್’ ಬಹಳ ಕಡೆ ಇದೇ ಕೆಲಸ ಮಾಡುತ್ತದೆ. ಬಟ್ಟೆಯ ಬಗ್ಗೆ ‘ಯೂಸ್ಡ್’ ಎಂದು ಬರೆದರೆ ಬಳಸಿದ್ದೇವೆ ಎಂದಾಯಿತು, ರೋಲ್‌ನಲ್ಲಿ ಇನ್ನೂ ಉಳಿದಿರಬಹುದು. ‘ಯೂಸ್ಡ್ ಅಪ್’ ಎಂದರೆ ಒಂದು ಮೀಟರ್ ಕೂಡ ಉಳಿದಿಲ್ಲ. ಬಯರ್ ಹೆಚ್ಚುವರಿ ತುಂಡುಗಳನ್ನು ಕೇಳಿದಾಗ ಈ ಎರಡಕ್ಷರದಿಂದಲೇ ಉತ್ತರ ಬದಲಾಗುತ್ತದೆ.

ಪದಗಳನ್ನು ಎಲ್ಲಿ ಇಡಬೇಕೆಂಬುದು ಮುಂದಿನ ತೊಡಕು. ಕೊರಿಯರ್‌ನವನು ಸ್ಯಾಂಪಲ್ ಒಯ್ಯುವುದನ್ನು ‘ಪಿಕ್ ಅಪ್ ದ ಸ್ಯಾಂಪಲ್ಸ್’ ಎಂದೂ ಬರೆಯಬಹುದು, ‘ಪಿಕ್ ದ ಸ್ಯಾಂಪಲ್ಸ್ ಅಪ್’ ಎಂದೂ ಬರೆಯಬಹುದು. ಸ್ಯಾಂಪಲ್ ಬದಲು ಸರ್ವನಾಮ ಬಂದರೆ ಆಯ್ಕೆಯೇ ಇಲ್ಲ: ‘ಪಿಕ್ ದೆಮ್ ಅಪ್’ ಎಂದೇ ಬರೆಯಬೇಕು. ಆದರೆ ‘ಲುಕ್ ಇಂಟು’, ‘ಲುಕ್ ಆಫ್ಟರ್’ನಂಥ ಜೋಡಿಗಳು ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ, ಅಲ್ಲಿ ‘ಲುಕ್ ಇಂಟು ಇಟ್’ ಒಂದೇ ಸರಿ. ಮಾತಿನಲ್ಲಿ ಸಲ್ಲುವ ಒಂದು ಅಭ್ಯಾಸ ಬರಹದಲ್ಲಿ ಕೆಡುಕು: ‘ಸೆಂಡ್’ ಎಂದು ಆರಂಭಿಸಿ, ಸ್ಟೈಲ್ ನಂಬರ್, ಬಣ್ಣ, ಸೈಜುಗಳನ್ನೆಲ್ಲ ಹೇಳಿ, ಸಾಲಿನ ತುದಿಯಲ್ಲಿ ‘ಔಟ್’ ಎಂದು ನೇತುಹಾಕುವುದು. ಅಲ್ಲಿಗೆ ಬರುವಷ್ಟರಲ್ಲಿ ಓದುವವರಿಗೆ ಆರಂಭವೇ ಮರೆತಿರುತ್ತದೆ. ವಸ್ತುವಿನ ವಿವರ ಉದ್ದವಾದಷ್ಟೂ ‘ಔಟ್’ ಅನ್ನು ಕ್ರಿಯಾಪದದ ಪಕ್ಕದಲ್ಲೇ ಇಡಿ.

ಇವೆಲ್ಲ ಆಡುಮಾತಿನ ಪದಗಳು, ಕಚೇರಿ ಪತ್ರಕ್ಕೆ ಸಲ್ಲವು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಅರ್ಧ ನಿಜ. ಹಾನಿಯ ಕ್ಲೇಮ್‌ಗೆ ಉತ್ತರಿಸುವಾಗ, ಒಪ್ಪಂದದ ಷರತ್ತು ಬರೆಯುವಾಗ ‘ಲುಕ್ ಇಂಟು’ ಬದಲು ‘ಇನ್ವೆಸ್ಟಿಗೇಟ್’, ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’, ‘ಕಾಲ್ ಆಫ್’ ಬದಲು ‘ಕ್ಯಾನ್ಸಲ್’ ಬರೆಯುವುದು ಮೇಲು. ಒಂದೇ ಪದಕ್ಕೆ ಎರಡು ಅರ್ಥ ಹಚ್ಚುವ ಅವಕಾಶ ಕಡಿಮೆ. ಆದರೆ ದಿನವೂ ಮೇಲ್‌ನಲ್ಲಿ ಮಾತಾಡುವ ಬಯರ್‌ಗೆ ‘ಇನ್ವೆಸ್ಟಿಗೇಟ್’ ಎಂದು ಬರೆದರೆ ಅವರು ಬೆಚ್ಚಿಬೀಳುತ್ತಾರೆ, ಪೊಲೀಸರು ಬಂದರೇನೋ ಎಂಬಂತೆ. ‘ಕ್ಯಾರಿ ಔಟ್’ ಮಾತ್ರ ಎಷ್ಟೇ ಬಿಗುವಿನ ತಪಾಸಣಾ ವರದಿಯಲ್ಲೂ ನಿಶ್ಚಿಂತೆಯಿಂದ ಕೂರುತ್ತದೆ. ಜಿಪ್ ದಾಸ್ತಾನು ಮುಗಿದಿದ್ದರೆ ‘ರನ್ ಔಟ್ ಆಫ್’ ಬಳಸಿ. ‘ಎಕ್ಸಾಸ್ಟೆಡ್’ ಎಂದು ಬರೆದರೆ ಸರ್ಕಾರಿ ಸುತ್ತೋಲೆಯ ವಾಸನೆ ಬರುತ್ತದೆ.

ದಿನಾಂಕದ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಮ್ಮ ‘ಪ್ರಿಪೋನ್’ ಭಾರತದ ಹೊರಗೆ ಎಲ್ಲರಿಗೂ ತಿಳಿಯುತ್ತದೆಂದು ನಂಬುವಂತಿಲ್ಲ. ‘ಬ್ರಿಂಗ್ ಫಾರ್ವರ್ಡ್’ ಎಂದರೆ ಮೊದಲೇ ಮಾಡುವುದು, ‘ಪುಷ್ ಬ್ಯಾಕ್’ ಎಂದರೆ ತಡವಾಗಿ ಮಾಡುವುದು. ಬ್ರಿಟನ್ನಿನವರು ತಡಕ್ಕೆ ‘ಪುಟ್ ಬ್ಯಾಕ್’ ಎನ್ನುವುದೂ ಉಂಟು, ಅಮೆರಿಕದವರು ಮೊದಲೇ ಮಾಡುವುದಕ್ಕೆ ‘ಮೂವ್ ಅಪ್’ ಎನ್ನುವುದೂ ಉಂಟು. ಈ ಗೊಂದಲದಲ್ಲಿ ಹಡಗು ತಪ್ಪಿಸಿಕೊಳ್ಳುವ ಬದಲು ಕ್ರಿಯಾಪದದ ಪಕ್ಕದಲ್ಲೇ ಹಳೆಯ ದಿನಾಂಕ, ಹೊಸ ದಿನಾಂಕ ಎರಡನ್ನೂ ಬರೆಯಿರಿ, ತಿಂಗಳನ್ನು ಅಕ್ಷರದಲ್ಲಿ.

ನಮ್ಮ ಕಡೆಯ ಕೆಲವು ಜೋಡಿಗಳು ಊರ ಗಡಿ ದಾಟಿದೊಡನೆ ಬಣ್ಣ ಬದಲಿಸುತ್ತವೆ. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಬೇಡವೇ ಬೇಡ. ಅರ್ಜಿ ನಮೂನೆಯನ್ನು ನಾವು ‘ಫಿಲ್ ಅಪ್’ ಮಾಡುತ್ತೇವೆ. ಬ್ರಿಟನ್ನಿನವರು ಹೆಚ್ಚಾಗಿ ‘ಫಿಲ್ ಇನ್’, ಅಮೆರಿಕದವರು ‘ಫಿಲ್ ಔಟ್’ ಮಾಡುತ್ತಾರೆ. ಪದವಿ ಮುಗಿಸಿದ್ದಕ್ಕೆ ‘ಪಾಸ್ಡ್ ಔಟ್’ ಎಂದು ಬರೆದರೆ ಅಮೆರಿಕದವರು ನೀವು ಮೂರ್ಛೆ ಹೋಗಿದ್ದಿರಿ ಎಂದುಕೊಳ್ಳುತ್ತಾರೆ. ಹಾಗೆಂದು ಅದು ಪೂರ್ತಿ ನಮ್ಮ ಸೃಷ್ಟಿಯೂ ಅಲ್ಲ: ತರಬೇತಿ ಮುಗಿಸಿದ ಸೈನಿಕರ ‘ಪಾಸಿಂಗ್ ಔಟ್’ ಪೆರೇಡ್ ಬ್ರಿಟಿಷ್ ಸೇನೆಯಲ್ಲಿ ಇಂದಿಗೂ ನಡೆಯುತ್ತದೆ.

ಬಿಡಿಸಿ ಬರೆಯುವುದು, ಕೂಡಿಸಿ ಬರೆಯುವುದು ಚಿಕ್ಕ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಕ್ರಿಯಾಪದವಾದರೆ ‘ಫಾಲೋ ಅಪ್’, ‘ಲಾಗ್ ಇನ್’ ಎರಡು ಬಿಡಿ ಪದಗಳು. ನಾಮಪದವಾದರೆ ಮೊದಲನೆಯದಕ್ಕೆ ನಡುವೆ ಅಡ್ಡಗೆರೆ, ಎರಡನೆಯದು ಕೂಡುಪದ. ಭೂತಕಾಲದ ಗುರುತು ಯಾವಾಗಲೂ ಕ್ರಿಯಾಪದಕ್ಕೇ ಅಂಟುತ್ತದೆ. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಹಿಯರ್’ ಅಲ್ಲ, ‘ಹಿಯರಿಂಗ್’.

ಇನ್ನು ಮಕ್ಕಳ ಉಡುಪಿನ ಆರ್ಡರ್ ನೋಡಿಕೊಳ್ಳುವವರಿಗೆ ಒಂದು ಮಾತು. ದಾರ ಸಡಿಲವಾಗಿ ಬಟನ್ ಅಲ್ಲಾಡುತ್ತಿದ್ದರೆ ‘ಕಮ್ ಲೂಸ್’, ಬಟನ್ ಕಿತ್ತು ಕೈಗೆ ಬಂದಿದ್ದರೆ ‘ಕಮ್ ಆಫ್’. ಮೊದಲನೆಯದಕ್ಕೆ ಬಯರ್ ಮರುಹೊಲಿಗೆ ಹಾಕಿಸಿ ಎಂದು ಸುಮ್ಮನಾಗಬಹುದು. ಎರಡನೆಯದನ್ನು ಓದಿದರೆ ಮಗು ಬಟನ್ ನುಂಗಬಹುದೆಂಬ ಭಯದಿಂದ ಇಡೀ ಸರಕನ್ನೇ ತಡೆಯಬಹುದು. ಫಿನಿಷಿಂಗ್ ಟೇಬಲ್ಲಿಗೆ ಹೋಗಿ, ಬಟನ್ ಎಳೆದು ನೋಡಿ, ಆಮೇಲೆ ಮೇಲ್ ಬರೆಯಿರಿ.