ಅಜ್ಜಿ ಒಂದು ಸಾಲು, ಮಗು ಒಂದು ಸಾಲು: ಊರ ಕೌದಿ ಹೊಲಿಯುವುದು ಹೇಗೆ?

ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸುವ ಕಲಾ ಶಿಬಿರಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ಹಿರಿಯರು ಮಾಡುತ್ತಾರೆ, ಮಕ್ಕಳು ನೋಡುತ್ತಾರೆ. ಇಲ್ಲವೇ ಮಕ್ಕಳು ಬಣ್ಣ ಬಳಿಯುತ್ತಾರೆ, ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಉತ್ತರ ಕರ್ನಾಟಕದ ಮನೆಮನೆಯ ಕೌದಿಯಲ್ಲಿ, ಅಂದರೆ ಹಳೆಯ ಬಟ್ಟೆಗಳನ್ನು ಪದರವಾಗಿ ಕೂಡಿಸಿ ಕೈಯಿಂದ ಹೊಲಿಯುವ ಹೊದಿಕೆಯಲ್ಲಿ, ಈ ತೊಂದರೆ ಕಡಿಮೆ. ಅಜ್ಜಿಗೆ ಹೊಲಿಗೆ ಬರುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಮಗುವಿಗೆ ಕಣ್ಣು ಚುರುಕು, ಕೈ ಪಳಗಿಲ್ಲ. ಹಾಗಾಗಿ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕೆಲಸ ಸಾಗದು.

ಒಂದು ಕೌದಿಗೆ 6 ಜೋಡಿ, ಅಂದರೆ 12 ಮಂದಿ ಸಾಕು. ಆರು ಗಜದ ಸೀರೆ ಸುಮಾರು 18 ಅಡಿ ಉದ್ದ, 45 ಇಂಚು ಅಗಲ. ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದದ ಮೂರು ಪದರ ಸಿಗುತ್ತದೆ. ಇದೇ ಕೌದಿಯ ಒಡಲು. ಇದರ ಸುತ್ತಳತೆ 234 ಇಂಚು. ಹನ್ನೆರಡು ಮಂದಿ ಕುಳಿತರೆ ಒಬ್ಬೊಬ್ಬರಿಗೆ ಒಂದೂವರೆ ಅಡಿಗಿಂತ ತುಸು ಹೆಚ್ಚು ಜಾಗ ಬರುತ್ತದೆ. ಹದಿಮೂರನೆಯವರು ಬಂದರೆ ಮೊಣಕೈ ತಾಗುತ್ತದೆ. 24 ಮಂದಿ ಇದ್ದರೆ ಎರಡು ಕೌದಿ ಹಾಕಿ, ಒಂದೇ ದೊಡ್ಡದು ಬೇಡ.

ಮಕ್ಕಳು ಹತ್ತು ವರ್ಷ ದಾಟಿದವರಾಗಿರಲಿ. ಸ್ವಂತ ಅಜ್ಜಿ-ಮೊಮ್ಮಗಳ ಜೋಡಿ ಬೇಡ. ಮುದ್ದಿಗೆ ಅಜ್ಜಿಯೇ ಎಲ್ಲವನ್ನೂ ಹೊಲಿದು ಮುಗಿಸಿಬಿಡುತ್ತಾರೆ. ಪಕ್ಕದ ಮನೆಯ ಅಜ್ಜಿಯಾದರೆ ಇಬ್ಬರೂ ಸ್ವಲ್ಪ ಮರ್ಯಾದೆಯಿಂದ ಕೂರುತ್ತಾರೆ, ಮಾತೂ ಹೊಸದಾಗಿ ಶುರುವಾಗುತ್ತದೆ.

ಬಟ್ಟೆ

ಮೊದಲ ದಿನ ಹೊಲಿಗೆ ಇಲ್ಲ, ಬಟ್ಟೆ ಮಾತ್ರ. ಒಬ್ಬೊಬ್ಬರೂ ಮನೆಯಲ್ಲಿ ಉಟ್ಟು ಹಳತಾದ ಎರಡು ಹತ್ತಿ ಬಟ್ಟೆ ತರಲಿ: ಸೀರೆ, ಧೋತರ, ಲಂಗ, ಶಾಲೆಯ ಅಂಗಿ. ಹೊಸ ಬಟ್ಟೆ ಬೇಡ. ಅದು ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ, ಕೌದಿ ಸುಕ್ಕುಗಟ್ಟುತ್ತದೆ. ಪಾಲಿಯೆಸ್ಟರ್ ಕೂಡ ಬೇಡ. ಪದರದ ಮೇಲೆ ಜಾರುತ್ತದೆ, ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ.

ಎರಡು ಪರೀಕ್ಷೆ ಮಾಡಿ. ಬಟ್ಟೆಯನ್ನು ಎರಡೂ ಕೈಯಿಂದ ಎಳೆಯಿರಿ. ಹರಿಯುವ ಸದ್ದು ಬಂದರೆ ತೇಪೆಗೆ, ಅಂದರೆ ಒಡಲಿನ ಮೇಲೆ ಹೊಲಿಯುವ ತುಂಡಿಗೆ, ಬೇಡ. ನಂತರ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ. ಬಣ್ಣ ಹತ್ತಿದರೆ ಅದನ್ನು ಬಣ್ಣ ಬಿಡುವುದು ನಿಲ್ಲುವವರೆಗೂ ಬೇರೆಯಾಗಿ ಒಗೆಯಬೇಕು. ಒಂದು ಕೆಂಪು ತುಂಡು ಇಡೀ ಕೌದಿಯನ್ನು ಗುಲಾಬಿ ಮಾಡಬಲ್ಲದು.

ಬಟ್ಟೆ ಯಾರದು, ಯಾವಾಗ ಉಟ್ಟದ್ದು ಎಂದು ಮಗು ಕೇಳಲಿ, ಒಪ್ಪಿದರೆ ಫೋನಿನಲ್ಲಿ ದಾಖಲಿಸಲಿ. ಕತ್ತರಿ ಮಾತ್ರ ಬಟ್ಟೆಯ ಒಡತಿಯ ಕೈಯಲ್ಲೇ ಇರಬೇಕು. ತೀರಿಹೋದ ತಾಯಿಯ ಸೀರೆಯನ್ನು ಬೇರೆಯವರು ಕತ್ತರಿಸಿದರೆ ಮರುದಿನ ಆ ಅಜ್ಜಿ ಬರದೇ ಇರಬಹುದು.

ಜೋಡಣೆ

ಮೂರು ಪದರವನ್ನು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ನೀವಿ. ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಇದನ್ನು ತಪ್ಪಿಸಿದವರಿಗೆ ಕೊನೆಗೆ ನಡುವೆ ಉಬ್ಬು ನಿಲ್ಲುತ್ತದೆ, ಆಗ ಬಿಚ್ಚದೆ ದಾರಿಯಿಲ್ಲ. ತೇಪೆಗಳ ಅಂಚನ್ನು ಕಾಲಿಂಚು ಒಳಗೆ ಮಡಚಿ ಮೇಲಿಡಿ. ತೇಪೆ ಸೇರಿ ನಾಲ್ಕು ಪದರವಾಯಿತು. ಐದು ದಾಟಿದರೆ ಮಗುವಿನ ಬೆರಳಿಗೆ ಸೂಜಿ ತಳ್ಳಲಾಗುವುದಿಲ್ಲ.

ಹೊಲಿಗೆ ಬಾರದ ಅಜ್ಜಂದಿರು ಮೂಲೆಯಲ್ಲಿ ಕೂರಬೇಕಿಲ್ಲ. ಬಡಿಗರು ಮಾಡುವಂತೆ ದಾರಕ್ಕೆ ಬಳಪದ ಪುಡಿ ಸವರಿ, ಆಚೆ ತುದಿ ಮಗುವಿನ ಕೈಗೆ ಕೊಟ್ಟು, ಬಟ್ಟೆಯ ಮೇಲೆ ಚಿಮ್ಮಿಸಿದರೆ ನೇರ ಗೆರೆ ಮೂಡುತ್ತದೆ. ಸಾಲುಗಳ ನಡುವೆ ಒಂದು ಇಂಚು ಅಂತರ ಸಾಕು.

ಹೊಲಿಗೆ

ಕೌದಿಯನ್ನು ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ ಹೊಲಿಯಬೇಕು. ದಪ್ಪ ಹತ್ತಿ ದಾರ ಸುಮಾರು 250 ಮೀಟರ್ ಬೇಕು. ಸಾಲುಗಳ ಉದ್ದವೇ 80 ಮೀಟರ್ ದಾಟುತ್ತದೆ, ದಾರ ಜೋಡೆಳೆ, ಗಂಟಿಗೂ ಒಂದಷ್ಟು ಹೋಗುತ್ತದೆ. ಪೋಣಿಸುವಾಗ ಒಂದು ಮಾರಿಗಿಂತ ಉದ್ದ ಬೇಡ. ಮತ್ತೆ ಮತ್ತೆ ಪೋಣಿಸುವುದು ತಪ್ಪಲೆಂದು ಮಕ್ಕಳು ಉದ್ದ ದಾರ ಹಾಕುತ್ತಾರೆ, ಆಮೇಲೆ ಸಿಕ್ಕು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಜೋಡಿಗೆ ಒಂದೇ ಸೂಜಿ. ಮಗು ಪೋಣಿಸಿ ಕೊಡಬೇಕು, ಅಜ್ಜಿ ಒಂದು ಗೇಣು ಹೊಲಿಯಬೇಕು, ಮುಂದಿನ ಗೇಣು ಮಗುವಿನದು. ಎರಡು ಸೂಜಿ ಕೊಟ್ಟರೆ ಕೆಲಸ ಬೇಗ ಮುಗಿದೀತು, ಆದರೆ ಇಬ್ಬರೂ ತಮ್ಮ ಪಾಡಿಗೆ ಮೌನವಾಗಿ ಹೊಲಿಯುತ್ತಾರೆ. ಒಂದೊಂದು ಸೂಜಿ ಗಂಟೆಗೆ ಏಳೆಂಟು ಅಡಿ ಸಾಗಿದರೆ ಆರು ಗಂಟೆಯ ಹೊಲಿಗೆ. ದಿನಕ್ಕೆ ಒಂದೂವರೆ ಗಂಟೆಯಂತೆ ನಾಲ್ಕು ದಿನ. ಬಟ್ಟೆಗೊಂದು, ಜೋಡಣೆಗೊಂದು, ಮೂಲೆಗೊಂದು ಸೇರಿ ಏಳು ದಿನ ಇಟ್ಟುಕೊಳ್ಳಿ. ಬೆಳಗಿನ ಹತ್ತರ ಬೆಳಕು ಒಳ್ಳೆಯದು, ಊಟದ ನಂತರ ಬೇಡ. ಮಂಡಿ ನೋವಿನವರಿಗೆ ಎರಡು ಬೆಂಚು ಕೂಡಿಸಿ ಅದರ ಮೇಲೆ ಹಾಸಿ.

ನಡುವೆ ಒಂದು ಅಡಿ ಉಳಿದಾಗ ತಲೆಗೆ ತಲೆ ತಾಗುತ್ತದೆ. ಎರಡು ಜೋಡಿ ಮಾತ್ರ ಅಲ್ಲಿರಲಿ, ಉಳಿದವರು ಮೂಲೆಗಳಿಗೆ ತ್ರಿಕೋನ ಮಡಚಲಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರು ಪದರ ಪದರವಾಗಿ ಮಡಚಿ ಮೂಲೆಗೆ ಹೊಲಿಯುವ ಇಂಥ ತ್ರಿಕೋನಕ್ಕೆ ‘ಫೂಲ’ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ.

ಸಂಘಟಕರು ಮಾಡಬಾರದ ಕೆಲಸವೊಂದಿದೆ: ಸಂಜೆ ಎಲ್ಲರೂ ಹೋದ ಮೇಲೆ ಮಗುವಿನ ಸೊಟ್ಟ ಸಾಲನ್ನು ಬಿಚ್ಚಿ ನೇರ ಮಾಡುವುದು. ಮಗು ಮರುದಿನ ಮೊದಲು ಹುಡುಕುವುದು ತನ್ನ ಸಾಲನ್ನೇ. ಅಂಚನ್ನು ಮಷಿನ್ನಿನಲ್ಲಿ ಹೊಡೆಸುವುದೂ ಬೇಡ.

ಸೂಜಿಗಳನ್ನು ದಿನವೂ ಎಣಿಸಿ ಕೊಟ್ಟು, ಎಣಿಸಿ ಪಡೆಯಿರಿ. ಒಂದು ಕಡಿಮೆಯಾದರೂ ಯಾರೂ ಏಳಬಾರದು. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಬಟ್ಟೆಯ ಮೇಲೆ ನಿಧಾನಕ್ಕೆ ಆಡಿಸಿದರೆ ಸಿಗುತ್ತದೆ. ಒಗೆಯುವ ಮೊದಲು ಇನ್ನೊಮ್ಮೆ ಆಡಿಸಿ. ತಣ್ಣೀರಿನಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಎರಡು ಹಗ್ಗದ ಮೇಲೆ ಹರವಿ. ನೀರು ಕುಡಿದ ಕೌದಿ ಬಲು ಭಾರ, ಒಂದೇ ಹಗ್ಗಕ್ಕೆ ಜೋತುಬಿದ್ದರೆ ನಡುವಿನ ಹೊಲಿಗೆ ಪಟಪಟನೆ ಹರಿಯುತ್ತದೆ.